ನೋಡಿದರೆ ಕಾಳು, ನೋಡದಿದ್ದರೆ ಅಲೆ

ಎಲೆಕ್ಟ್ರಾನು ಎಂಬುದನ್ನು ನಾನು ಕಣ್ಣಾರೆ ಕಂಡಿಲ್ಲ. ಅದರ ಬಗ್ಗೆ ಬರೆಯಲು ನನಗಿರುವ ಯೋಗ್ಯತೆಯೂ ಅದೊಂದೇ. ಯಾಕೆಂದರೆ ಅದನ್ನು ಕಣ್ಣಾರೆ ಕಂಡವರು ಲೋಕದಲ್ಲಿ ಯಾರೂ ಇಲ್ಲವಂತೆ. ಅಷ್ಟರ ಮಟ್ಟಿಗೆ, ನಾಲ್ಕನೇ ಕ್ಲಾಸಿಗೆ ಬಳಪ ಕೆಳಗಿಟ್ಟ ನಾನೂ, ತಲೆ ಕೆದರಿಕೊಂಡು ಬೋರ್ಡಿನ ಮುಂದೆ ನಿಲ್ಲುವ ದೊಡ್ಡ ದೊಡ್ಡ ವಿಜ್ಞಾನಿಗಳೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತವರು. ಅವರ ಎಲೆಗೆ ಸ್ವಲ್ಪ ಹೆಚ್ಚು ಬಡಿಸಿರಬಹುದು, ಅಷ್ಟೆ.

ಇದನ್ನೆಲ್ಲ ಬರೆಯುತ್ತಿರುವುದು ಸಂತೋಷ ತಡೆಯಲಾರದೆ. ನನ್ನ ಮೊಮ್ಮಗಳು ಸುಮಾ ಅರಸೀಕೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಲೆಕ್ಚರರ್ ಆಗಿದ್ದಾಳೆ. ಈ ಮಾತನ್ನು ನಮ್ಮ ಹುಲಿಕೆರೆಯ ಬೀದಿಯಲ್ಲೆಲ್ಲ ಹೇಳಿಯಾಯಿತು. ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರನ್ನು ನಿಲ್ಲಿಸಿ ಹೇಳಿಯಾಯಿತು. ಸೊಪ್ಪು ಮಾರುವವಳಿಗೆ ಹೇಳಿದೆ, ಅವಳು ಖುಷಿಪಟ್ಟು ಒಂದು ಹಿಡಿ ಕೊತ್ತಂಬರಿ ಸುಮ್ಮನೆ ಹಾಕಿಹೋದಳು. ಇನ್ನು ಹೇಳಲು ಉಳಿದವರು ನೀವೇ. ನಿಮ್ಮಿಂದ ಕೊತ್ತಂಬರಿ ಬೇಡ. ಕೊನೆತನಕ ಕೂತು ಕೇಳಿದರೆ ಸಾಕು.

ಸುಮಾ ನನ್ನ ಮಗನ ಮಗಳು, ನನ್ನ ಮಡಿಲಲ್ಲೇ ಬೆಳೆದವಳು. ಮನೆಯಲ್ಲಿ ಅವಳ ಮಾತಿಗೆ ಏರಿ ಇರಲಿಲ್ಲ, ಕೋಡಿ ಬಿದ್ದ ಕೆರೆ. ಹಿತ್ತಲಲ್ಲಿ ಕೋಳಿಗಳನ್ನು ಕೂಡಿಹಾಕಿಕೊಂಡು ಮಗ್ಗಿ ಹೇಳಿಕೊಡುತ್ತಿದ್ದಳು. ಒಂದು ಹುಂಜ ಏಳರ ಮಗ್ಗಿಯವರೆಗೂ ಬಂದಿತ್ತೆಂದು ಅವಳ ವಾದ. ಆದರೆ ಹೊರಗಿನವರು ನಾಲ್ಕು ಜನ ಅವಳ ಕಡೆ ತಿರುಗಿ ನೋಡಿದರೋ, ಮುಗಿಯಿತು. ಬಾಯಿಗೆ ಬೀಗ. ಕಾಲ ಹೆಬ್ಬೆರಳಿಂದ ನೆಲ ಕೆರೆಯುತ್ತಾ ನಿಲ್ಲುವಳು. ಮೈಸೂರಿಗೆ ಹೋಗಿ ಎಂ.ಎಸ್ಸಿ. ಮುಗಿಸಿ ಬಂದ ಮೇಲೂ ಹೆಬ್ಬೆರಳು ಬದಲಾಗಲಿಲ್ಲ. ಹಾಸನದಲ್ಲಿ ಒಂದು ಕೆಲಸಕ್ಕೆ ಕರೆದಿದ್ದರು. ಹುಡುಗರ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು, ಹಿಂದಿನ ಬೆಂಚಿನಲ್ಲಿ ದೊಡ್ಡವರು ಕೂತು ನೋಡುತ್ತಾರೆ. ಇವಳು ಬೋರ್ಡಿನ ಮೇಲೆ ತಲೆಬರಹ ಬರೆದಳಂತೆ, ತಿರುಗಿದಳಂತೆ, ಬೆಂಚಿನ ಮೇಲೆ ಕೈಕಟ್ಟಿ ಕೂತವರನ್ನು ಕಂಡಳಂತೆ. ಆಮೇಲೆ ಬಸ್ಸು ಹತ್ತಿ ಮನೆಗೆ ಬಂದಳು. ನಡುವೆ ಏನೂ ನಡೆಯಲಿಲ್ಲ.

ಅದಾದ ಮೇಲೆ ಅರಸೀಕೆರೆಯಿಂದ ಕರೆ ಬಂತು. ಅಲ್ಲೂ ಹಾಗೆಯೇ, ಪಾಠ ಮಾಡಿ ತೋರಿಸಬೇಕು. ಅವತ್ತು ಅವಳು ನನ್ನ ಪಕ್ಕ ಕೂತು ಅವರೆಕಾಳು ಬಿಡಿಸುತ್ತಾ, ಕಾಳಿಗೆ ಹೇಳಿದಂತೆ ಹೇಳಿದಳು. "ಅಜ್ಜಿ, ಈ ಸಲಾನೂ ಬಾಯಿ ಬರ್ಲಿಲ್ಲ ಅಂದ್ರೆ ಪಾಠ ಮಾಡೋ ಆಸೆ ಬಿಟ್ಬಿಡ್ತೀನಿ. ಹಗರೆ ಡೈರೀಲಿ ಹಾಲಿನ ಲೆಕ್ಕ ಬರಿಯೋಕೆ ಒಬ್ರು ಬೇಕಂತೆ. ಅಲ್ಲಿ ಯಾರೂ ನನ್ನ ನೋಡಲ್ಲ, ಹಾಲು ನೋಡ್ತಾರೆ."

ಹಾಲಿನ ಲೆಕ್ಕ ಕೆಟ್ಟ ಕೆಲಸವೇನಲ್ಲ. ಆದರೆ ಕೋಳಿಗೆ ಮಗ್ಗಿ ಹೇಳಿದ ಹುಡುಗಿಯ ಬಾಯಿ ಹಾಲಿನ ಕ್ಯಾನಿನ ಹಿಂದೆ ಮುಚ್ಚಿಹೋಗುವುದೇ? ಆ ಯೋಚನೆಯಲ್ಲೇ, ಬಿಡಿಸಿದ ಕಾಳನ್ನೆಲ್ಲ ಸಿಪ್ಪೆಯ ಮೊರಕ್ಕೆ ಹಾಕಿಬಿಟ್ಟೆ.

ಮಾರನೆಯ ದಿನ ಬೆಳಗ್ಗೆ ಅವಳೇ ಬಂದು ನಿಂತಳು. "ಅಜ್ಜಿ, ಕಲ್ಯಾಣಿ ಹತ್ರ ಬಾ. ಪಾಠ ಮಾಡ್ಬೇಕು."

"ಯಾರಿಗೆ?"

"ನಿಂಗೇ. ನಿಂಗೆ ಅರ್ಥ ಆದ್ರೆ ಪಿಯುಸಿ ಹುಡುಗ್ರಿಗೂ ಆಗುತ್ತೆ."

ಇದು ಮರ್ಯಾದೆಯೋ ಅವಮರ್ಯಾದೆಯೋ ಎಂದು ಯೋಚಿಸುತ್ತಾ ಯೋಚಿಸುತ್ತಾ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತಾಗಿತ್ತು. ನಮ್ಮೂರ ಕಲ್ಯಾಣಿ ರಾಜರ ಕಾಲದ್ದು. ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ, ಸುತ್ತ ಪುಟ್ಟ ಪುಟ್ಟ ಗುಡಿಗಳು. ಮದುವೆಯಾಗಿ ಬಂದಾಗಿನಿಂದ ಆ ನೀರನ್ನು ನೋಡಿದ್ದೇನೆ. ಆದರೆ ಅವತ್ತು ಸುಮಾ ಎರಡು ಕೈಯಿಂದ ಎರಡು ಕಲ್ಲು ಒಟ್ಟಿಗೇ ಬೀಳಿಸಿ "ನೋಡು" ಎಂದಳು. ಎರಡು ಬಳೆ ನೀರ ಮೇಲೆ ಹರಡಿದವು, ಒಂದರೊಳಗೊಂದು ಹೊಕ್ಕವು. ಉಬ್ಬಿಗೆ ಉಬ್ಬು ಸಿಕ್ಕಿದ ಕಡೆ ನೀರು ಇನ್ನಷ್ಟು ಎದ್ದಿತು. ಉಬ್ಬಿಗೆ ತಗ್ಗು ಸಿಕ್ಕಿದ ಕಡೆ ಅಲ್ಲೇನೂ ಆಗೇ ಇಲ್ಲವೆಂಬಂತೆ ತೆಪ್ಪಗಿತ್ತು.

ನನಗೆ ತಕ್ಷಣ ಅರ್ಥವಾಯಿತು. ನಾನೂ ನನ್ನ ಸೊಸೆಯೂ ಹೀಗೇ. ನಾನು ಏರಿದಾಗ ಅವಳು ಇಳಿದರೆ ಮನೆ ತಣ್ಣಗಿರುತ್ತದೆ. ಇಬ್ಬರೂ ಒಟ್ಟಿಗೆ ಏರಿದ ದಿನ ಹಳೇಬೀಡಿಗೆ ಕೇಳಿಸುತ್ತದೆ. ಇದನ್ನು ಹೇಳಿದ್ದಕ್ಕೆ ಸುಮಾ, "ಅಮ್ಮಂಗೆ ಹೇಳ್ತೀನಿ ಇರು," ಎಂದು ನಕ್ಕು, "ಅಲೆ ಅಂದ್ರೆ ಇದೇ ಅಜ್ಜಿ. ಬೆಳಕೂ ಹಿಂಗೇ," ಎಂದಳು.

ನಂಬಲಿಲ್ಲ. ಬೆಳಕು ನೀರಲ್ಲವಲ್ಲ. ಅದಕ್ಕೆ ಮನೆಯ ಕತ್ತಲೆ ಉಗ್ರಾಣದಲ್ಲಿ ಮಟಮಟ ಮಧ್ಯಾಹ್ನ ಬಾಗಿಲು ಹಾಕಿಕೊಂಡು ತೋರಿಸಿದಳು. ಆಗ ತಾನೇ ಕೀಲಿಕೈ ಗೊಂಚಲಿಗೆ ಸಿಕ್ಕಿಸುವ ಬೆರಳುದ್ದದ ಲೇಸರ್ ಲೈಟು ಬಂದಿತ್ತು. ಹುಡುಗರು ಅದನ್ನು ಸಿನಿಮಾ ಪರದೆಯ ಮೇಲೆ ಬಿಟ್ಟು ಬೈಸಿಕೊಳ್ಳುತ್ತಿದ್ದರು. ಸುಮಾ ಒಂದು ಗಾಜಿನ ಚೂರನ್ನು ದೀಪದ ಹೊಗೆಗೆ ಹಿಡಿದು ಕಪ್ಪು ಮಾಡಬೇಕೆಂದಳು. ಸೀಮೆಎಣ್ಣೆ ಬುಡ್ಡಿ ಬೇಡ, ಹರಳೆಣ್ಣೆ ದೀಪವೇ ಆಗಲಿ, ಹೇಗೂ ಮಸಿ ಹಿಡಿಯುತ್ತೀಯ, ಸ್ವಲ್ಪ ಕಾಡಿಗೆಯೂ ಆಗಲಿ ಎಂದು ನಾನು ಹಟ ಹಿಡಿದೆ. ಮಸಿ ಹಿಡಿದ ಗಾಜಿನ ಮೇಲೆ ಎರಡು ಬ್ಲೇಡು ಜೋಡಿಸಿ ಒಂದು ಗೀರು ಎಳೆದಳು. ಕೂದಲೆಳೆಯಂಥ ಎರಡು ಕಿಂಡಿ. ಅದರ ಮೂಲಕ ಕೆಂಪು ಬೆಳಕು ಬಿಟ್ಟಾಗ ಗೋಡೆಯ ಮೇಲೆ ಬಿದ್ದದ್ದು ಎರಡು ಗೆರೆಯಲ್ಲ, ಜಮಖಾನದ ಹಾಗೆ ಪಟ್ಟೆ ಪಟ್ಟೆ. ಬೆಳಕು, ಕತ್ತಲು, ಬೆಳಕು, ಕತ್ತಲು. ಬೆಳಕಿಗೆ ಬೆಳಕು ಸೇರಿ ಕತ್ತಲಾಗುವುದನ್ನು ನನ್ನ ರಾಗಿ ಮೂಟೆಗಳ ನಡುವೆ ನಿಂತು ಕಂಡೆ. ಕೈ ತಾನಾಗಿ ಮುಗಿಯಿತು.

ಅಷ್ಟರಲ್ಲಿ ಬಾಗಿಲಾಚೆಯಿಂದ ನಮ್ಮ ಯಜಮಾನರ ದನಿ. "ಏನ್ರೇ, ಅಜ್ಜಿ ಮೊಮ್ಮಗಳು ಬಾಗ್ಲು ಹಾಕ್ಕೊಂಡು ಏನ್ ನಡೆಸಿದ್ದೀರಿ? ಬೆಳಿಗ್ಗೆ ಕಲ್ಯಾಣಿಗೆ ಕಲ್ಲು ಹಾಕಿದ್ರಂತೆ, ಈಗ ಉಗ್ರಾಣಕ್ಕೆ ಬೆಂಕಿ ಇಕ್ಕೋ ಯೋಚ್ನೆ ಐತಾ?"

"ಬೆಳಕು ಅಲೆ ಅಂತೆ ಕಣ್ರೀ," ಎಂದೆ.

"ಆಗ್ಲಿ. ಮುದ್ದೆ ಮುದ್ದೆಯಾಗೇ ಐತೋ ಅದೂ ಅಲೆ ಆಗೋಯ್ತೋ?"

ಊಟವಾದ ಮೇಲೆ ಕಾಳಿನ ಪಾಠ. ತಳದಲ್ಲಿ ಎರಡು ತೂತು ಬಿದ್ದ ಹಳೇ ಬಿದಿರ ಮಂಕರಿಯಿಂದ ರಾಗಿ ಸುರಿದರೆ ಕೆಳಗೆ ಎರಡು ಗುಡ್ಡೆ ಬೀಳುತ್ತದೆ. ಪಟ್ಟೆ ಬೀಳುವುದಿಲ್ಲ. ಅದು ಕಾಳಿನ ಧರ್ಮ. ಎಲೆಕ್ಟ್ರಾನೂ ಕಾಳಿನ ಜಾತಿಯೇ ಎಂದು ತಿಳಿದವರೆಲ್ಲ ನಂಬಿದ್ದರಂತೆ. ನಮ್ಮ ಮನೆ ಟೀವಿಯ ಗಾಜಿನ ಹಿಂದಿನಿಂದ ಕಾಳು ಎರಚಿ ಚಿತ್ರ ಮೂಡಿಸುವುದೂ ಅದೇ ಎಲೆಕ್ಟ್ರಾನಂತೆ. ಸಂಜೆ ಧಾರಾವಾಹಿ ನೋಡಿ ನಾನು ಸುರಿಸಿದ ಕಣ್ಣೀರೆಲ್ಲ ಯಾರ ಪಾಲಿಗೆ ಹೋಯಿತೆಂದು ಆಗ ತಿಳಿಯಿತು. ಇಂಥ ಎಲೆಕ್ಟ್ರಾನುಗಳನ್ನು ತೀರಾ ಸಣ್ಣ ಎರಡು ಕಿಂಡಿಗಳ ಕಡೆ ಒಂದೊಂದಾಗಿ ಬಿಟ್ಟರು. ಒಂದು ಹೋಗಿ ಮುಟ್ಟಿದ ಮೇಲೆ ಇನ್ನೊಂದು. ಒಂದೊಂದೂ ಒಂದು ಚುಕ್ಕಿಯಾಗಿಯೇ ಬಿತ್ತು, ಥೇಟು ಕಾಳು. ಆದರೆ ಬಿದ್ದು ಬಿದ್ದು ಚುಕ್ಕಿಗಳು ಕೂಡಿದಾಗ ಎರಡು ಗುಡ್ಡೆಯಾಗಲಿಲ್ಲ, ಪಟ್ಟೆ ಪಟ್ಟೆಯಾಯಿತು! ಬೀಳುವಾಗ ಕಾಳು, ಬರುವ ದಾರಿಯಲ್ಲಿ ಎರಡು ಕಿಂಡಿಯನ್ನೂ ಒಟ್ಟಿಗೇ ಹಾಯುವ ಅಲೆ. ಬೆಳಕಿನದೂ ಇದೇ ಹಣೆಬರಹ. ದೀಪವನ್ನು ತೀರಾ ಮಂಕು ಮಾಡಿದರೆ ಅದೂ ಕಾಳು ಕಾಳಾಗಿ ಬಂದು ಬೀಳುತ್ತದಂತೆ.

"ಒಂಟಿ ಕಾಳು ಯಾವ ಕಿಂಡೀಲಿ ಹೋಯ್ತೇ?" ಎಂದೆ.

"ಅದನ್ನೇ ಎಲ್ಲರೂ ಕೇಳಿದ್ದು ಅಜ್ಜಿ. ಅದನ್ನ ಪತ್ತೆ ಮಾಡೋಕೆ ಕಿಂಡಿ ಹತ್ರ ಒಂದು ಕಾವಲು ಇಟ್ರೆ, ಪಟ್ಟೆ ಮಾಯ! ಎರಡು ಗುಡ್ಡೆ ಬೀಳುತ್ತೆ. ಕಾವಲು ತೆಗೆದ್ರೆ ಮತ್ತೆ ಪಟ್ಟೆ."

ನಾನು ತೊಡೆ ತಟ್ಟಿ ಎದ್ದುಬಿಟ್ಟೆ. "ಇಷ್ಟೇನಾ! ಇದಕ್ಕೆ ಮೈಸೂರಿಗೆ ಹೋಗ್ಬೇಕಿತ್ತಾ? ದೃಷ್ಟಿ ಕಣೇ, ದೃಷ್ಟಿ!"

ನೀವು ಒಕ್ಕಲುತನ ಕಂಡವರಾದರೆ ನಗುವುದಿಲ್ಲ. ಕಣದಲ್ಲಿ ರಾಗಿ ರಾಶಿ ಅಳೆಯುವಾಗ ನಮ್ಮಲ್ಲಿ ಯಾರೂ ಮಾತಾಡುವಂತಿಲ್ಲ. ಕೊಳಗ ತುಂಬಿ ಸುರಿಯುವವನು ಮೊದಲನೆಯದನ್ನು 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾನೆ. ಆಮೇಲೆ ಎರಡು, ಮೂರು. ಮನೆಯವರು ಬಿಟ್ಟು ಬೇರೆಯವರು ರಾಶಿಯನ್ನು ದಿಟ್ಟಿಸಬಾರದು. ದಾರಿಹೋಕರು ಬಂದರೆ ಮುಖ ಆ ಕಡೆ ತಿರುಗಿಸಿ ನಿಲ್ಲುತ್ತಾರೆ, ಅದೇ ಮರ್ಯಾದೆ. ನೋಡಿದರೆ ರಾಶಿ ಕುಗ್ಗುತ್ತದೆಂದು ನನ್ನ ಅತ್ತೆ ಹೇಳಿದ್ದರು, ಅವರಿಗೆ ಅವರ ಅತ್ತೆ.

ಮನುಷ್ಯರೂ ಹಾಗಲ್ಲವೇ? ನಮ್ಮ ಯಜಮಾನರನ್ನೇ ತೆಗೆದುಕೊಳ್ಳಿ. ದಿನವಿಡೀ ಚಟಪಟ ಎನ್ನುವ ಪ್ರಾಣಿ. ಹಳೇಬೀಡಿನ ದೇವಸ್ಥಾನದ ಮುಂದೆ ಒಮ್ಮೆ ಫೋಟೋದವನು "ಅಜ್ಜಾರೇ, ಸ್ವಲ್ಪ ನಗಿ" ಎಂದ. ಅಷ್ಟೇ. ಫೋಟೋ ಬಂದಾಗ ಹಿಂದಿನ ಗೋಡೆಯ ಆನೆ ಸಾಲು ನಡೆಯುತ್ತಿರುವಂತೆಯೂ ಇವರು ಅದರ ಮುಂದೆ ಕೆತ್ತಿ ನಿಲ್ಲಿಸಿರುವಂತೆಯೂ ಇತ್ತು. ನೋಟ ಬಿದ್ದರೆ ಕಲ್ಲಾಗುವವರು ನಾವು. ಬೇಲೂರಿನಲ್ಲಿ ಕನ್ನಡಿ ಹಿಡಿದ ಕಲ್ಲಿನ ಹೆಣ್ಣೊಬ್ಬಳಿದ್ದಾಳಲ್ಲ, ಅವಳನ್ನು ಊರೂರಿನವರು ಬಂದು ಕತ್ತೆತ್ತಿ ನೋಡುತ್ತಾರೆ. ಅವಳು ಮಾತ್ರ ತನ್ನ ಪಾಡಿಗೆ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಿದ್ದಾಳೆ. ಇಷ್ಟು ಕಾಲ ಅವಳಿಗೆ ದೃಷ್ಟಿ ತಾಗದಿರುವ ಗುಟ್ಟು ಅದೇ ಇರಬೇಕು.

ಸುಮಾ ನನ್ನ ವಾದವನ್ನು ಒಪ್ಪಲಿಲ್ಲ. "ಕಣ್ಣಿಗೂ ಇದಕ್ಕೂ ಸಂಬಂಧ ಇಲ್ಲ ಅಜ್ಜಿ. ಯಾವ ಕಿಂಡೀಲಿ ಹೋಯ್ತು ಅನ್ನೋ ಸುದ್ದಿ ಎಲ್ಲಾದ್ರೂ ಉಳಿದ್ರೆ ಸಾಕು, ಪಟ್ಟೆ ಹೋಗುತ್ತೆ. ಅದನ್ನ ಓದೋರು ಯಾರೂ ಇಲ್ದಿದ್ರೂ ಹೋಗುತ್ತೆ."

"ಅದೂ ಗೊತ್ತಿರೋದೇ. ಮದುವೆ ಮಾತು ಗಟ್ಟಿ ಆಗೋ ಮುಂಚೆ ಸುದ್ದಿ ಹೊರಗೆ ಬಿದ್ರೆ ಕೆಡಲ್ವಾ?"

"ಅಯ್ಯೋ ಅಜ್ಜಿ!" ಎಂದು ಹಣೆ ಚಚ್ಚಿಕೊಂಡಳು. ಆದರೆ ನಾನು ಒಂದು ವಿಷಯ ಗಮನಿಸಿದೆ. ನನ್ನ ಜೊತೆ ಜಗಳ ಕಾಯುವಾಗ ಅವಳ ಹೆಬ್ಬೆರಳು ನೆಲ ಕೆರೆಯುತ್ತಿರಲಿಲ್ಲ.

ಅರಸೀಕೆರೆಗೆ ಹೋಗುವ ದಿನ ಬಂತು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಉಳಿದ ಮಸಿಗೆ ಎಣ್ಣೆ ಕಲಸಿ ಕಿವಿಯ ಹಿಂದೆ ದೃಷ್ಟಿಬೊಟ್ಟು ಇಟ್ಟೆ. ಅವಳು ಎಂ.ಎಸ್ಸಿ. ಓದಿದವಳಾದರೂ ಕಿವಿ ಒಡ್ಡಿದಳು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ. ಹಳೇಬೀಡಿನಲ್ಲಿ ಬಸ್ಸು ಹತ್ತಿದೆವು. ಆ ಮಸಿಗಾಜನ್ನು ಅವಳು ಕರ್ಚೀಫಿನಲ್ಲಿ ಸುತ್ತಿ, ಮೊಟ್ಟೆಯ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಜಾವಗಲ್ ದಾಟಿದ ಮೇಲೆ ಮೆಲ್ಲಗೆ, "ಅಜ್ಜಿ, ನೀನು ಒಳಗೆ ಬರ್ಬೇಡ. ನೀನೂ ನೋಡ್ತಿದ್ರೆ ಪೂರ್ತಿ ಸತ್ತೋಗ್ತೀನಿ," ಎಂದಳು.

ಹಾಗಾಗಿ ನಾನು ವರಾಂಡದ ಬೆಂಚಿನ ಮೇಲೆ ಕೂತೆ. ಬೆಂಚು ಸರಿಯಾಗಿ ಆ ಕ್ಲಾಸಿನ ಕಿಟಕಿಗೆ ಹೊಂದಿಕೊಂಡಿತ್ತು, ನನ್ನ ತಪ್ಪಲ್ಲ. ಒಳಗೆ ಬೆಂಚಿನ ತುಂಬ ಹುಡುಗ ಹುಡುಗಿಯರು. ಕೊನೆಯ ಸಾಲಿನಲ್ಲಿ ಕಾಲೇಜಿನ ಕಮಿಟಿಯವರು. ನಡುವೆ ಬಿಳಿ ಪಂಚೆ ಉಟ್ಟ ಅಧ್ಯಕ್ಷರು, ತೆಂಗಿನ ತೋಟದ ಗೌಡರಂತೆ, ಕೈ ಕಟ್ಟಿ ಕೂತಿದ್ದರು. ಸುಮಾ ಬೋರ್ಡಿನ ಮೇಲೆ ತಲೆಬರಹ ಬರೆದಳು. ತಿರುಗಿದಳು.

ಬೆಂಚಿನ ಹುಡುಗನೊಬ್ಬ ಕೆಮ್ಮಿದ. ಫ್ಯಾನು ಕಿರ್ ಎಂದಿತು. ನನಗೆ ಅವಳ ಹೆಬ್ಬೆರಳು ಕಾಣುತ್ತಿರಲಿಲ್ಲ, ಆದರೆ ಅದು ಏನು ಮಾಡುತ್ತಿದೆಯೆಂದು ಗೊತ್ತಿತ್ತು. ಹಗರೆ ಡೈರಿಯ ಹಾಲಿನ ಕ್ಯಾನುಗಳು ಕಣ್ಣ ಮುಂದೆ ಸಾಲಾಗಿ ನಿಂತವು. ಅಷ್ಟು ಜನರ ನೋಟ ತಡೆಯುವುದು ನನ್ನ ಕೈಲಿರಲಿಲ್ಲ. ಒಬ್ಬಳ ನೋಟವನ್ನಾದರೂ ತೆಗೆಯಬಹುದಲ್ಲ? ಕಣದಲ್ಲಿ ಮಾಡುವಂತೆಯೇ ಮಾಡಿದೆ. ಸೆರಗು ಹೊದ್ದು, ಕಿಟಕಿಗೆ ಬೆನ್ನು ಕೊಟ್ಟು, ಆಚೆಯ ಗೋಡೆ ನೋಡುತ್ತಾ ಕಲ್ಲಿನಂತೆ ಕೂತುಬಿಟ್ಟೆ.

ಬೆನ್ನ ಹಿಂದೆ ಕಿಸಕ್ಕನೆ ಒಂದು ನಗು. ಸುಮಾಳದೇ. ಆಮೇಲೆ ಅವಳ ದನಿ, ಹಿತ್ತಲಿನ ಕೋಳಿಗಳ ಮುಂದೆ ಕೇಳುತ್ತಿದ್ದ ದನಿ. "ಆ ಕಿಟಕೀಲಿ ಬೆನ್ನು ತಿರುಗಿಸಿ ಕೂತಿರೋರು ನಮ್ಮಜ್ಜಿ. ನನ್ನನ್ನ ರಾಗಿ ರಾಶಿ ಅಂದ್ಕೊಂಡಿದಾರೆ. ನೋಟ ಬೀಳ್ಬಾರ್ದು ಅಂತ ಹಂಗೆ ಕೂತಿರೋದು."

ಕ್ಲಾಸು ಗೊಳ್ಳೆಂದಿತು. ನಾನು ಅಲುಗಲಿಲ್ಲ.

"ಯಾರ್ಯಾರ ಮನೇಲಿ ರಾಶಿ ಮಾಡ್ತೀರಿ? ಕೈ ಎತ್ತಿ. ಇಷ್ಟು ಜನಾನಾ! ಹಾಗಾದ್ರೆ ಈಗ ನಾನು ಒಂದೊಂದೇ ಎಲೆಕ್ಟ್ರಾನ್ ಬಿಡ್ತೀನಿ. ನೀವು ಅಳೀರಿ." ಬೋರ್ಡಿನ ಮೇಲೆ ಸೀಮೆಸುಣ್ಣದ ಟಕ್ ಎಂಬ ಸದ್ದು. ಮೊದಲ ಚುಕ್ಕಿ.

ಇಡೀ ಕ್ಲಾಸು ಒಂದೇ ಬಾಯಲ್ಲಿ, "ಲಾಭ!"

ಟಕ್. "ಎರಡು!" ಟಕ್. "ಮೂರು!"

ಹಿಂದಿನಿಂದ ಅಧ್ಯಕ್ಷರ ಗಡಸು ದನಿ ಬಂತು. "ಅಳೆಯೋವಾಗ ಗಲಾಟೆ ಮಾಡ್ಬಾರ್ದು ಕಣ್ರೋ, ರಾಶಿ ಕುಗ್ಗೀತು!" ಮತ್ತೆ ನಗು.

ಅಲ್ಲಿಂದಾಚೆಗೆ ಕೋಡಿ ಬಿತ್ತು ನೋಡಿ. ಕಲ್ಯಾಣಿಯ ಎರಡು ಕಲ್ಲು ಬಂತು, ತೂತಿನ ಮಂಕರಿ ಬಂತು. ನನ್ನ ಪುಣ್ಯ, ಅತ್ತೆ ಸೊಸೆ ಬರಲಿಲ್ಲ. ಕಿಟಕಿ ಬಾಗಿಲು ಹಾಕಿ ಎಂದಳು. ನನ್ನ ಬೆನ್ನ ಹಿಂದೆ ಕಿಟಕಿ ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ "ಓ" ಎಂಬ ಉದ್ಗಾರ. ಮಸಿಗಾಜಿನ ಪಟ್ಟೆ ಗೋಡೆಯ ಮೇಲೆ ಬಿದ್ದಿರಬೇಕು. ನನ್ನ ಉಗ್ರಾಣದ ಜಮಖಾನ ಅರಸೀಕೆರೆಯಲ್ಲಿ ಹಾಸಿಕೊಂಡಿತು.

ಕಿಟಕಿ ಮತ್ತೆ ತೆರೆದಾಗ ಹುಡುಗನೊಬ್ಬ ಕೇಳುತ್ತಿದ್ದ. "ಮಿಸ್, ಹಂಗಾದ್ರೆ ನಿಮ್ಮಜ್ಜಿ ಹೇಳೋದು ನಿಜಾನಾ? ದೃಷ್ಟಿ ಆಗುತ್ತಾ?"

ನಾನು ಕಿವಿ ನಿಮಿರಿಸಿದೆ.

"ಇಲ್ಲ. ನಮ್ಮಜ್ಜಿ ತಪ್ಪು," ಎಂದಳು ನನ್ನ ಮೊಮ್ಮಗಳು, ಸ್ಪಷ್ಟವಾಗಿ, ಎತ್ತರದ ದನಿಯಲ್ಲಿ, ಕಮಿಟಿಯವರೆಲ್ಲ ನೋಡುತ್ತಿರುವಾಗಲೇ. "ಕಣ್ಣಿಗೆ ಅಲ್ಲಿ ಏನೂ ಕೆಲಸ ಇಲ್ಲ. ದಾರಿ ಗೊತ್ತಾಗೋ ಹಾಗೆ ಒಂದು ಗುರುತು ಎಲ್ಲಾದ್ರೂ ಉಳಿದ್ರೆ ಪಟ್ಟೆ ಅಳಿಸಿಹೋಗುತ್ತೆ. ಇನ್ನೊಂದು, ರಾಗಿ ಕಾಳು ತುಂಬ ದೊಡ್ಡದು. ಅದರ ಸುದ್ದಿಯನ್ನ ಗಾಳಿ ಬೆಳಕು ಎಲ್ಲ ಸಾರ್ತಾನೇ ಇರ್ತವೆ. ಅದಕ್ಕೇ ರಾಶಿ ಯಾರು ನೋಡಿದ್ರೂ ಅಷ್ಟೇ ಇರುತ್ತೆ, ಯಾರೂ ನೋಡ್ದೇ ಇದ್ರೂ ಅಷ್ಟೇ ಇರುತ್ತೆ."

ಊರವರ ಮುಂದೆ ವಾದದಲ್ಲಿ ಸೋತವರು ಬಹಳ ಜನ ಇರಬಹುದು. ಸೋತು ಹೀಗೆ ಸೆರಗಿನೊಳಗೆ ಬಾಯಿ ಮುಚ್ಚಿಕೊಂಡು ನಕ್ಕವಳು ನಾನೊಬ್ಬಳೇ. ನನ್ನ ಅತ್ತೆ, ಅವರ ಅತ್ತೆ, ಎಲ್ಲರನ್ನೂ ಒಂದೇ ಏಟಿಗೆ ಬೀಳಿಸಿದ್ದಳು ಹುಡುಗಿ. ಅವರು ಮೇಲಿಂದ ಕೇಳಿದ್ದರೂ ಖುಷಿಪಡುತ್ತಿದ್ದರು. ಒಂದಿಷ್ಟು ಗೊಣಗಿ, ಆಮೇಲೆ.

ಗಂಟೆ ಹೊಡೆಯಿತು. ನಾನು ಹಾಗೆಯೇ ಕೂತಿದ್ದೆ. ಬಿಳಿ ಪಂಚೆಯ ಅಧ್ಯಕ್ಷರು ವರಾಂಡಕ್ಕೆ ಬಂದು ನನ್ನ ಪಕ್ಕ ನಿಂತು, "ಅಮ್ಮಾ, ಇನ್ನು ಈ ಕಡೆ ತಿರುಗಿ. ಅಳೆದು ಮುಗೀತು. ರಾಶಿ ಚೆನ್ನಾಗೈತೆ," ಎಂದರು. ನಾನು ತಿರುಗಿದೆ. ಸುಮಾ ಬಾಗಿಲಲ್ಲಿ ನಿಂತು ಕೈಯ ಸುಣ್ಣ ಕೊಡವುತ್ತಿದ್ದಳು. ಅವಳ ಹಿಂದೆ ಹುಡುಗರು ಇನ್ನೂ ಏನೇನೋ ಕೇಳುತ್ತಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಮಾತೇ ಮಾತು. "ನೋಡ್ದ್ಯಾ ಅಜ್ಜಿ, ಅಷ್ಟು ಜನ ನೋಡ್ತಿದ್ರೂ ಮಾತಾಡ್ದೆ. ನಿನ್ನ ದೃಷ್ಟಿ ಕತೆ ಎಲ್ಲಿ ಹೋಯ್ತು?"

"ಒಬ್ಬಳು ನೋಡ್ತಿರಲಿಲ್ವಲ್ಲೇ," ಎಂದೆ. ಸೋತರೂ ಅಷ್ಟು ಸುಲಭಕ್ಕೆ ಬಿಡುವವಳಲ್ಲ ನಾನು.

ಮನೆಗೆ ಬಂದಾಗ ಯಜಮಾನರು ಕೇಳಿದ್ದೂ ಅದನ್ನೇ. "ಎಂಗ್ ಮಾಡಿದ್ಲೇ ಪಾಠಾವ? ನೋಡ್ದಾ?"

"ನೋಡ್ಲಿಲ್ಲ. ಬೆನ್ನಿಗೆ ಕೇಳಿಸ್ತು."

"ಅಲ್ಲೀಗಂಟ ಬಸ್ಸಲ್ಲಿ ಹೋಗಿ ಗೋಡೆ ನೋಡ್ಕೊಂಡ್ ಬಂದ್ಯಾ!" ಎಂದು ಅವರು ನಕ್ಕಿದ್ದಕ್ಕೆ ಹಿತ್ತಲಿನ ಕೋಳಿಗಳೆಲ್ಲ ಎದ್ದವು.

ಈಗ ಸುಮಾ ದಿನಾ ಬೆಳಗ್ಗೆ ಬಸ್ಸಿಗೆ ಹೋಗುತ್ತಾಳೆ. ವಿಜ್ಞಾನ ಗೆದ್ದಿದೆ, ಒಪ್ಪಿದ್ದೇನೆ. ಆದರೂ ಶಾಸ್ತ್ರ ಬಿಡುವುದುಂಟೇ? ಅವಳು ಬಸ್ಸು ಹತ್ತುವಾಗ ನಾನು ರಸ್ತೆಗೆ ಬೆನ್ನು ಮಾಡಿ, ಬೇಲಿಯ ಹೂವು ಕೀಳುವವಳ ಹಾಗೆ ನಿಲ್ಲುತ್ತಿದ್ದೆ. ಬಸ್ಸಿನ ಸದ್ದು ದೂರವಾದ ಮೇಲೆಯೇ ತಿರುಗುವುದು. ನನ್ನ ಮಟ್ಟಿಗೆ ಅವಳು ಎರಡು ಕಿಂಡಿಯಲ್ಲೂ ಹಾಯ್ದು ಹೋಗುತ್ತಿರಲಿ ಎಂದು.

ಮೊನ್ನೆ ಯಾಕೋ ತಡೆಯಲಾಗಲಿಲ್ಲ. ಕದ್ದು ತಿರುಗಿ ನೋಡಿಬಿಟ್ಟೆ. ಬಸ್ಸಿನ ಕಿಟಕಿಯಿಂದ ಮೊಣಕೈವರೆಗೂ ಕೈ ಹೊರಗೆ ಹಾಕಿ ಸುಮಾ ಬೀಸುತ್ತಿದ್ದಳು. ನಾನು ನೋಡಿದೆನೆಂದು ಬೀಸಿದ್ದಲ್ಲ, ಆಗಲೇ ಬೀಸುತ್ತಿದ್ದಳು. ಸಂಜೆ ಕೇಳಿದ್ದಕ್ಕೆ, "ದಿನಾ ಬೀಸ್ತೀನಿ ಅಜ್ಜಿ, ನಿನ್ನ ಬೆನ್ನಿಗೆ," ಎಂದಳು.

ಎಲೆಕ್ಟ್ರಾನಿನ ವಿಷಯ ತಿಳಿದವರು ಹೇಳಿದಂತೆ ಇರಲಿ. ಮೊಮ್ಮಕ್ಕಳ ವಿಷಯ ಬೇರೆ ಎಂದು ನಾನು ಕಂಡುಕೊಂಡಿದ್ದೇನೆ. ಅವತ್ತಿನಿಂದ ಬೇಲಿಯ ಹೂವನ್ನು ಬಸ್ಸು ಹೋದ ಮೇಲೆ ಕೀಳುತ್ತೇನೆ.